ವೋಲ್ಟೇಜ್, ಕರೆಂಟ್ ಗೊತ್ತಿದ್ದರೆ ರೋಧ ಮತ್ತು ಪವರ್ ಲೆಕ್ಕ ಹಾಕುವುದು ಹೇಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಸೂತ್ರ ಇರುವುದು ಎರಡೇ. ಒಂದು ಭಾಗಾಕಾರ, ಇನ್ನೊಂದು ಗುಣಾಕಾರ. ಆದರೂ ಈ ಲೆಕ್ಕದಲ್ಲಿ ಎಡವುವವರು ಬಹಳ ಮಂದಿ. ಎಡವುವುದು ಗಣಿತದಲ್ಲಲ್ಲ. ಯಾವ ಎರಡು ತುದಿಗಳ ನಡುವಿನ ವೋಲ್ಟೇಜು, ಯಾವುದರ ಒಳಗೆ ಹರಿಯುವ ಕರೆಂಟು ಎಂದು ನೋಡಿಕೊಳ್ಳದೆ ಅಂಕಿ ಹಾಕಿಬಿಡುತ್ತಾರೆ. ಕೆಳಗಿನ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಸುತ್ತಿ ಬಳಸಿ ಅಲ್ಲಿಗೇ ಬಂದು ನಿಲ್ಲುತ್ತವೆ.

ವೋಲ್ಟೇಜ್, ಕರೆಂಟ್ ಎರಡೂ ಗೊತ್ತಿವೆ. ರೋಧ ಎಷ್ಟು, ಪವರ್ ಎಷ್ಟು?

ರೋಧ = ವೋಲ್ಟೇಜ್ ÷ ಕರೆಂಟ್
ಪವರ್ = ವೋಲ್ಟೇಜ್ × ಕರೆಂಟ್

ವೋಲ್ಟೇಜನ್ನು ವೋಲ್ಟ್‌ನಲ್ಲಿ, ಕರೆಂಟನ್ನು ಆಂಪಿಯರ್‌ನಲ್ಲಿ ಹಾಕಿದರೆ ರೋಧ ಓಮ್‌ನಲ್ಲಿ, ಪವರ್ ವಾಟ್‌ನಲ್ಲಿ ಬರುತ್ತದೆ. ಒಂದು ಬಲ್ಬಿಗೆ 12 ವೋಲ್ಟ್ ಕೊಟ್ಟಾಗ 1.5 ಆಂಪಿಯರ್ ಹರಿಯಿತು ಅಂದುಕೊಳ್ಳಿ. ರೋಧ 12 ÷ 1.5, ಅಂದರೆ 8 ಓಮ್. ಪವರ್ 12 × 1.5, ಅಂದರೆ 18 ವಾಟ್.

ಪುಸ್ತಕಗಳಲ್ಲಿ ವೋಲ್ಟೇಜಿಗೆ ವಿ, ರೋಧಕ್ಕೆ ಆರ್, ಪವರಿಗೆ ಪಿ ಅಕ್ಷರ ಬಳಸುತ್ತಾರೆ. ಕರೆಂಟಿಗೆ ಮಾತ್ರ ಐ. ಇದು ಫ್ರೆಂಚಿನ 'ಇಂಟಾನ್ಸಿಟೆ' ಎಂಬ ಪದದಿಂದ ಬಂದದ್ದು, ತೀವ್ರತೆ ಅಂತ ಅರ್ಥ. ಆಂಪಿಯರ್ ಫ್ರೆಂಚ್ ವಿಜ್ಞಾನಿ, ಅವರು ಬಳಸಿದ ಪದವೇ ಉಳಿದುಕೊಂಡಿತು.

ಭಾಗಿಸಿದರೆ ರೋಧ ಬರುವುದು ಅರ್ಥವಾಯಿತು. ಗುಣಿಸಿದರೆ ಪವರ್ ಯಾಕೆ ಬರಬೇಕು?

ಒಳ್ಳೆಯ ಪ್ರಶ್ನೆ. ಇದನ್ನು ಕೇಳದೆ ಸುಮ್ನೆ ಬಾಯಿಪಾಠ ಮಾಡುವವರೇ ಜಾಸ್ತಿ.

ಉತ್ತರ ಆ ಅಳತೆಗಳ ಒಳಗೇ ಇದೆ. 1 ಆಂಪಿಯರ್ ಅಂದರೆ ಸೆಕೆಂಡಿಗೆ 1 ಕೂಲಂಬ್ ವಿದ್ಯುದಾವೇಶ ಹಾದುಹೋಗುವುದು. 1 ವೋಲ್ಟ್ ಅಂದರೆ ಹಾದುಹೋಗುವ ಪ್ರತಿ ಕೂಲಂಬ್ 1 ಜೌಲ್ ಶಕ್ತಿಯನ್ನು ಅಲ್ಲಿ ಬಿಟ್ಟುಹೋಗುವುದು. ಸೆಕೆಂಡಿಗೆ ಎಷ್ಟು ಕೂಲಂಬ್ ಬಂತು, ಒಂದೊಂದೂ ಎಷ್ಟು ಜೌಲ್ ಬಿಟ್ಟಿತು ಅಂತ ಗುಣಿಸಿದರೆ ಸೆಕೆಂಡಿಗೆ ಒಟ್ಟು ಎಷ್ಟು ಜೌಲ್ ಅಂತ ಸಿಕ್ಕಿತಲ್ಲ, ಅದಕ್ಕೇ ವಾಟ್ ಅಂತ ಹೆಸರು.

ಹಾಗಾಗಿ ಮೇಲಿನ 12 ವೋಲ್ಟ್ ಬಲ್ಬಿನಲ್ಲಿ ಪ್ರತಿ ಸೆಕೆಂಡಿಗೆ 18 ಜೌಲ್ ಶಕ್ತಿ ಬೆಳಕೂ ಬಿಸಿಯೂ ಆಗಿ ಹೊರಬೀಳುತ್ತಿದೆ.

'ಕರೆಂಟ್ ಹೋಯ್ತು' ಅಂತೀವಲ್ಲ, ಆಗ ಹೋಗುವುದು ಕರೆಂಟೋ ವೋಲ್ಟೇಜೋ?

ಹೋಗುವುದು ವೋಲ್ಟೇಜ್. ಅದು ಹೋದ ಮೇಲೆ ಕರೆಂಟ್ ತಾನಾಗಿ ನಿಲ್ಲುತ್ತದೆ. ನಮ್ಮ ಮಾತಿನಲ್ಲಿ ಕರೆಂಟ್ ಅಂದರೆ ಇಡೀ ವಿದ್ಯುತ್ತಿಗೇ ಹೆಸರು. ಆಡುಮಾತಿಗೆ ಅದು ಸರಿ. ಲೆಕ್ಕಕ್ಕೆ ಕೂತಾಗ ಮಾತ್ರ ಬೇರೆ ಮಾಡಿಕೊಳ್ಳಬೇಕು. ಏನೂ ಸಿಕ್ಕಿಸದ ಪ್ಲಗ್ ಪಾಯಿಂಟಿನಲ್ಲಿ ವೋಲ್ಟೇಜ್ ಪೂರ್ತಿ ಇರುತ್ತದೆ, ಕರೆಂಟ್ ಸೊನ್ನೆ. ಶಾಲೆಯ ಪುಸ್ತಕದಲ್ಲಿ ವೋಲ್ಟೇಜಿಗೆ ವಿಭವಾಂತರ ಅಂತಲೂ ಕರೆಂಟಿಗೆ ವಿದ್ಯುತ್ ಪ್ರವಾಹ ಅಂತಲೂ ಇರುತ್ತದೆ. ವಿಭವಾಂತರದಲ್ಲಿರುವ 'ಅಂತರ' ಬಹಳ ಉಪಯೋಗದ ಮಾತು. ವೋಲ್ಟೇಜ್ ಯಾವಾಗಲೂ ಎರಡು ಜಾಗಗಳ ನಡುವಿನದ್ದು, ಒಂದೇ ಜಾಗದ್ದಲ್ಲ.

ಉತ್ತರ ಸಾವಿರ ಪಟ್ಟು ಹೆಚ್ಚುಕಡಿಮೆ ಬರುತ್ತಿದೆ. ಎಲ್ಲಿ ತಪ್ಪಾಯಿತು?

ಮಿಲಿಆಂಪಿಯರ್ ಅನ್ನು ಆಂಪಿಯರ್ ಮಾಡಿಕೊಳ್ಳದೆ ಹಾಕಿದ್ದೀರಿ. 20 ಮಿಲಿಆಂಪಿಯರ್ ಅಂದರೆ 0.02 ಆಂಪಿಯರ್. 9 ವೋಲ್ಟಿಗೆ 20 ಮಿಲಿಆಂಪಿಯರ್ ಹರಿದರೆ ರೋಧ 450 ಓಮ್, 0.45 ಓಮ್ ಅಲ್ಲ.

ಎಲೆಕ್ಟ್ರಾನಿಕ್ಸ್‌ನಲ್ಲಿ ದಿನವೂ ಕೆಲಸ ಮಾಡುವವರು ಸೊನ್ನೆ ಎಣಿಸುತ್ತಾ ಕೂರುವುದಿಲ್ಲ. ವೋಲ್ಟನ್ನು ಮಿಲಿಆಂಪಿಯರಿನಿಂದ ಭಾಗಿಸಿದರೆ ನೇರವಾಗಿ ಕಿಲೋಓಮ್ ಬರುತ್ತದೆ. ಗುಣಿಸಿದರೆ ಮಿಲಿವಾಟ್. 9 ÷ 20 ಅಂದರೆ 0.45 ಕಿಲೋಓಮ್, 9 × 20 ಅಂದರೆ 180 ಮಿಲಿವಾಟ್. ಇದೊಂದು ರೂಢಿಯಾದರೆ ಅರ್ಧ ತಪ್ಪು ತಪ್ಪುತ್ತದೆ.

ಪವರ್ = ಕರೆಂಟ್ × ಕರೆಂಟ್ × ರೋಧ ಅಂತಾರೆ. ಹಾಗಾದರೆ ರೋಧ ಜಾಸ್ತಿಯಾದರೆ ಪವರ್ ಜಾಸ್ತಿ. ಇನ್ನೊಂದು ಕಡೆ ಪವರ್ = ವೋಲ್ಟೇಜ್ × ವೋಲ್ಟೇಜ್ ÷ ರೋಧ ಅಂತಾರೆ. ಅಲ್ಲಿ ರೋಧ ಜಾಸ್ತಿಯಾದರೆ ಪವರ್ ಕಡಿಮೆ. ಯಾವುದು ಸರಿ?

ಎರಡೂ ಸರಿ. ಈ ಗೊಂದಲ ಬಿಡಿಸಿಕೊಂಡವರಿಗೆ ವಿದ್ಯುತ್ತು ಅರ್ಧ ಕೈಗೆ ಬಂದ ಹಾಗೆ, ಅದಕ್ಕೇ ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ.

ಎರಡೂ ಸೂತ್ರ ಹುಟ್ಟಿದ್ದು ಒಂದೇ ಕಡೆಯಿಂದ. ಪವರ್ ಅಂದರೆ ವೋಲ್ಟೇಜ್ × ಕರೆಂಟ್. ಇಲ್ಲಿ ವೋಲ್ಟೇಜಿನ ಜಾಗದಲ್ಲಿ 'ಕರೆಂಟ್ × ರೋಧ' ಇಟ್ಟರೆ ಮೊದಲನೆಯದು. ಕರೆಂಟಿನ ಜಾಗದಲ್ಲಿ 'ವೋಲ್ಟೇಜ್ ÷ ರೋಧ' ಇಟ್ಟರೆ ಎರಡನೆಯದು. ಒಂದೇ ಬಲ್ಬಿಗೆ, ಒಂದೇ ಕ್ಷಣಕ್ಕೆ ಎರಡರಿಂದಲೂ ಒಂದೇ ಉತ್ತರ ಬರುತ್ತದೆ. ಮೇಲಿನ 8 ಓಮ್ ಬಲ್ಬಿಗೆ ಹಾಕಿ ನೋಡಿ. 1.5 × 1.5 × 8 ಅಂದರೆ 18. 12 × 12 ÷ 8 ಅಂದರೂ 18.

ಗೊಂದಲ ಶುರುವಾಗುವುದು 'ರೋಧ ಜಾಸ್ತಿಯಾದರೆ' ಅಂದಾಗ. ರೋಧ ಬದಲಾದಾಗ ಯಾವುದು ಬದಲಾಗದೆ ನಿಂತಿದೆ ಅಂತ ನೋಡಬೇಕು. ಮನೆಯ ವೈರಿಂಗಿನಲ್ಲಿ ಎಲ್ಲ ಉಪಕರಣಕ್ಕೂ ಸಿಗುವುದು ಒಂದೇ ವೋಲ್ಟೇಜ್. ಅಲ್ಲಿ ರೋಧ ಕಡಿಮೆ ಇದ್ದಷ್ಟೂ ಪವರ್ ಜಾಸ್ತಿ. 230 ವೋಲ್ಟಿನ 60 ವಾಟ್ ಬಲ್ಬಿನ ರೋಧ ಉರಿಯುವಾಗ ಸುಮಾರು 882 ಓಮ್, 100 ವಾಟ್ ಬಲ್ಬಿನದು 529 ಓಮ್. ದೊಡ್ಡ ಬಲ್ಬಿಗೇ ಕಡಿಮೆ ರೋಧ.

ಈಗ ಅದೇ ಎರಡು ಬಲ್ಬುಗಳನ್ನು ಒಂದರ ಹಿಂದೆ ಒಂದು ಸೀರೀಸ್‌ನಲ್ಲಿ ಜೋಡಿಸಿ 230 ವೋಲ್ಟ್ ಕೊಡಿ. ಯಾವುದು ಜೋರಾಗಿ ಉರಿಯುತ್ತದೆ? ಕೇಳಿದವರೆಲ್ಲ 100 ವಾಟಿನದು ಅಂತಾರೆ. ಉರಿಯುವುದು 60 ವಾಟಿನದು! ಸೀರೀಸ್‌ನಲ್ಲಿ ಎರಡರಲ್ಲೂ ಹರಿಯುವುದು ಒಂದೇ ಕರೆಂಟು. ಹಾಗಾಗಿ ರೋಧ ಜಾಸ್ತಿ ಇರುವುದಕ್ಕೇ ಜಾಸ್ತಿ ಪಾಲು. ಒಟ್ಟು ರೋಧ 1411 ಓಮ್, ಕರೆಂಟ್ ಸುಮಾರು 0.163 ಆಂಪಿಯರ್. 60 ವಾಟ್ ಬಲ್ಬಿಗೆ 23 ವಾಟ್ ಸಿಗುತ್ತದೆ, 100 ವಾಟ್ ಬಲ್ಬಿಗೆ 14. ಇದು ಪೂರ್ತಿ ಬಿಸಿಯಾದಾಗಿನ ರೋಧ ಹಿಡಿದು ಹಾಕಿದ ಲೆಕ್ಕ. ನಿಜವಾಗಿ ನೋಡಿದರೆ ವ್ಯತ್ಯಾಸ ಇನ್ನೂ ಜಾಸ್ತಿ ಕಾಣುತ್ತದೆ, ಯಾಕೆಂದರೆ ದೊಡ್ಡ ಬಲ್ಬು ತಣ್ಣಗೇ ಉಳಿದು ಅದರ ರೋಧ ಮತ್ತಷ್ಟು ಕೆಳಗಿರುತ್ತದೆ. ಅದರ ತಂತಿ ಸುಮ್ಮನೆ ಕೆಂಪಗೆ ಮಿಣುಕುತ್ತದೆ ಅಷ್ಟೆ.

ಸಡಿಲವಾದ ಪ್ಲಗ್ ಯಾಕೆ ಸುಡುತ್ತದೆ? ಫ್ಯೂಸ್ ಯಾಕೆ ಹೋಗುವುದಿಲ್ಲ?

ಇದು ಹಿಂದಿನ ಪ್ರಶ್ನೆಯದೇ ಮುಂದುವರಿಕೆ. ನನ್ನ ಕಣ್ಣೆದುರೇ ನಡೆದದ್ದು ಹೇಳುತ್ತೇನೆ. 2000 ವಾಟಿನ ಒಂದು ಹೀಟರ್ ದಿನವೂ ಒಂದೇ ಸಾಕೆಟಿನಲ್ಲಿ ಇರುತ್ತಿತ್ತು. ಪಿನ್ನು ಕೊಂಚ ಸಡಿಲ. ಒಂದು ದಿನ ಪ್ಲಾಸ್ಟಿಕ್ ಸುಟ್ಟ ವಾಸನೆ ಬಂತು. ತೆಗೆದು ನೋಡಿದರೆ ಒಂದು ಪಿನ್ನಿನ ಸುತ್ತ ಕಂದು ಬಣ್ಣದ ಉಂಗುರ, ಸಾಕೆಟಿನ ಬಾಯಿ ಒಂದು ಕಡೆ ಕರಗಿ ಕೆಳಗೆ ಜೋತಿತ್ತು. ಇನ್ನೊಂದು ಪಿನ್ನು ಹೊಸದರಂತೆ ಹೊಳೆಯುತ್ತಿತ್ತು. ಫ್ಯೂಸಿನ ಕೆಲಸ ಮಾಡುವ ಸ್ವಿಚ್ಚು, ಎಂಸಿಬಿ, ಅಲ್ಲಾಡಿರಲೇ ಇಲ್ಲ.

ಲೆಕ್ಕ ನೋಡಿ. 2000 ವಾಟ್, 230 ವೋಲ್ಟ್, ಕರೆಂಟ್ 8.7 ಆಂಪಿಯರ್. ಹೀಟರಿನ ರೋಧ ಸುಮಾರು 26.5 ಓಮ್. ಸಡಿಲ ಪಿನ್ನಿನಲ್ಲಿ ಬರೀ 0.2 ಓಮ್ ರೋಧ ಸೇರಿಕೊಂಡಿತು ಅಂತಿಟ್ಟುಕೊಳ್ಳಿ. ಅಲ್ಲಿ ಆಗುವ ಪವರ್ 8.7 × 8.7 × 0.2, ಅಂದರೆ 15 ವಾಟ್. 15 ವಾಟಿನ ಸೋಲ್ಡರಿಂಗ್ ಐರನ್ ಸೀಸ ಕರಗಿಸುತ್ತದೆ. ಅಂಥದ್ದೊಂದನ್ನು ಸಾಕೆಟ್ಟಿನ ಒಳಗೆ ಇಟ್ಟು ಗಂಟೆಗಟ್ಟಲೆ ಆನ್ ಮಾಡಿದ ಹಾಗಾಯಿತು. ಒಟ್ಟು ಕರೆಂಟ್ ಮಾತ್ರ ಹೆಚ್ಚಲಿಲ್ಲ, ರೋಧ ಸೇರಿದ್ದರಿಂದ ಕೂದಲೆಳೆಯಷ್ಟು ಕಡಿಮೆಯೇ ಆಯಿತು. ಫ್ಯೂಸ್, ಎಂಸಿಬಿ ನೋಡುವುದು ಕರೆಂಟನ್ನು. ಕರೆಂಟ್ ಹೆಚ್ಚಾಗದೆ ಅವು ಯಾಕೆ ಹೋಗುತ್ತವೆ?

ಆದ್ದರಿಂದ ದೊಡ್ಡ ಹೀಟರ್ ಅರ್ಧ ಗಂಟೆ ನಡೆದ ಮೇಲೆ ಸ್ವಿಚ್ ಆಫ್ ಮಾಡಿ, ಪ್ಲಗ್ಗಿನ ಮೈಯನ್ನು ಹೊರಗಿನಿಂದ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಪರವಾಗಿಲ್ಲ. ಕೈ ಇಡಲಾರದಷ್ಟು ಬಿಸಿ ಇದ್ದರೆ ಸಾಕೆಟ್ ಬದಲಾಯಿಸಿ.

ಎಕ್ಸ್‌ಟೆನ್ಷನ್ ವೈರಿಗೂ ಇದೇ ಲೆಕ್ಕ. 1.5 ಸ್ಕ್ವೇರ್ ಎಂಎಂ ಎಳೆವೈರು ಮೀಟರಿಗೆ ಸುಮಾರು 0.0133 ಓಮ್. 20 ಮೀಟರ್ ಉದ್ದದ ಎಕ್ಸ್‌ಟೆನ್ಷನ್ ಅಂದರೆ ಹೋಗಿ ಬರಲು 40 ಮೀಟರ್ ತಾಮ್ರ, 0.53 ಓಮ್. 8.7 ಆಂಪಿಯರ್ ಹರಿದರೆ ವೈರಿನಲ್ಲೇ 4.6 ವೋಲ್ಟ್ ಉದುರುತ್ತದೆ, 40 ವಾಟ್ ಬಿಸಿಯಾಗುತ್ತದೆ. ಬಿಚ್ಚಿ ಹಾಸಿದ್ದರೆ ಆ ಬಿಸಿ ಗಾಳಿಗೆ ಹೋಗುತ್ತದೆ. ಸುರುಳಿ ಸುತ್ತಿಟ್ಟೇ ಬಳಸಿದರೆ ಒಳಗಿನ ಸುತ್ತುಗಳ ಹೊದಿಕೆ ಮೆತ್ತಗಾಗುತ್ತದೆ.

ಬಲ್ಬಿನ ರೋಧವನ್ನು ಮಲ್ಟಿಮೀಟರಿನಲ್ಲಿ ಅಳೆದೆ. ಲೆಕ್ಕಕ್ಕೂ ಅದಕ್ಕೂ ತಾಳೆಯೇ ಇಲ್ಲ. ಮೀಟರ್ ಕೆಟ್ಟಿದೆಯಾ?

ಮೀಟರ್ ಚೆನ್ನಾಗಿದೆ. ನನಗೂ ಮೊದಲ ಸಲ ಹೀಗೇ ಆಗಿತ್ತು. 100 ವಾಟಿನ ತಂತಿ ಬಲ್ಬು, 529 ಓಮ್ ಬರಬೇಕಿತ್ತು, ಮೀಟರ್ 40 ತೋರಿಸಿತು. ಆ 40 ಹಿಡಿದು ಲೆಕ್ಕ ಹಾಕಿದರೆ 230 × 230 ÷ 40, ಅಂದರೆ 1322 ವಾಟ್! ಎರಡು ಮೂರು ಬಲ್ಬು ಬದಲಾಯಿಸಿ ನೋಡಿದೆ. ಎಲ್ಲವೂ ಹಾಗೆಯೇ.

ಕಾರಣ ಬಿಸಿ. ಬಲ್ಬಿನ ಒಳಗಿರುವುದು ಟಂಗ್‌ಸ್ಟನ್ ತಂತಿ. ಉರಿಯುವಾಗ ಅದು 2500 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಹೋಗುತ್ತದೆ. ಅಷ್ಟು ಬಿಸಿಯಲ್ಲಿ ಅದರ ರೋಧ ತಣ್ಣಗಿದ್ದಾಗಿನದಕ್ಕಿಂತ ಹತ್ತು ಪಟ್ಟಿಗೂ ಹೆಚ್ಚು. ಮೀಟರ್ ಅಳೆದದ್ದು ತಣ್ಣಗಿರುವ ತಂತಿಯನ್ನು. ಬಲ್ಬಿನ ಮೇಲೆ ಬರೆದಿರುವುದು ಉರಿಯುವ ತಂತಿಯ ಲೆಕ್ಕ. ಎರಡೂ ನಿಜ, ಕ್ಷಣ ಬೇರೆ. ಸ್ವಿಚ್ ಒತ್ತಿದ ಮೊದಲ ಗಳಿಗೆಯಲ್ಲಿ ಆ ಬಲ್ಬು ಐದಾರು ಆಂಪಿಯರ್ ಎಳೆದು, ಕಣ್ಣು ಮಿಟುಕಿಸುವುದರೊಳಗೆ 0.43 ಆಂಪಿಯರಿಗೆ ಇಳಿಯುತ್ತದೆ. ಹಳೆಯ ಬಲ್ಬುಗಳು ಹೆಚ್ಚಾಗಿ ಸ್ವಿಚ್ ಹಾಕಿದ ಕ್ಷಣದಲ್ಲೇ ಹೋಗುವುದು ಯಾಕೆ ಅಂತ ಈಗ ಗೊತ್ತಾಯಿತಲ್ಲ.

ಹೀಟರಿನ ನಿಕ್ರೋಮ್ ತಂತಿಯಲ್ಲಿ ಈ ತೊಂದರೆ ಇಲ್ಲ. ಅದರ ರೋಧ ಬಿಸಿಗೆ ಹೆಚ್ಚು ಬದಲಾಗುವುದಿಲ್ಲ, ತಣ್ಣಗಿದ್ದಾಗ ಅಳೆದರೂ ಲೆಕ್ಕ ಹೆಚ್ಚುಕಮ್ಮಿ ಸರಿ ಬರುತ್ತದೆ.

ಓಮ್‌ನ ನಿಯಮ ಎಲ್ಲದಕ್ಕೂ ಅನ್ವಯಿಸುತ್ತದೆಯಾ?

ಇಲ್ಲ. ವೋಲ್ಟೇಜ್ ಎರಡು ಪಟ್ಟಾದರೆ ಕರೆಂಟೂ ಎರಡು ಪಟ್ಟಾಗಬೇಕು, ಅದು ಓಮ್‌ನ ನಿಯಮ. ಒಂದೇ ಬಿಸಿಯಲ್ಲಿಟ್ಟ ಲೋಹದ ತಂತಿ, ರೆಸಿಸ್ಟರ್ ಇದನ್ನು ಚೆನ್ನಾಗಿ ಪಾಲಿಸುತ್ತವೆ. ಎಲ್‌ಇಡಿ, ಡಯೋಡ್, ಟ್ರಾನ್ಸಿಸ್ಟರ್ ಪಾಲಿಸುವುದಿಲ್ಲ. ಕೆಂಪು ಎಲ್‌ಇಡಿಗೆ 1 ವೋಲ್ಟ್ ಕೊಟ್ಟರೆ ಏನೂ ಆಗುವುದಿಲ್ಲ, 2 ವೋಲ್ಟ್ ಹತ್ತಿರ ಬಂದಾಗ ಇದ್ದಕ್ಕಿದ್ದಂತೆ ಕರೆಂಟ್ ಏರುತ್ತದೆ.

ಹಾಗಿದ್ದರೂ ಭಾಗಿಸಿ ಒಂದು ರೋಧ ತೆಗೆಯಬಹುದು. ಆ ಅಂಕಿ ಆ ಒಂದು ವೋಲ್ಟೇಜಿಗೆ ಮಾತ್ರ. ಅದನ್ನು ಬೇರೆ ವೋಲ್ಟೇಜಿಗೆ ಒಯ್ದು ಬಳಸಿದರೆ ತಪ್ಪು. ಪವರಿನ ಸೂತ್ರಕ್ಕೆ ಈ ಕಟ್ಟಳೆ ಇಲ್ಲ. ಆ ಕ್ಷಣದ ವೋಲ್ಟೇಜ್ × ಆ ಕ್ಷಣದ ಕರೆಂಟ್, ಯಾವ ವಸ್ತುವಿಗಾದರೂ ಸರಿ.

ಎಲ್‌ಇಡಿಗೆ ಎಷ್ಟು ಓಮಿನ ರೆಸಿಸ್ಟರ್ ಹಾಕಬೇಕು?

ಇಲ್ಲಿ ಎಲ್ಲರೂ ಮಾಡುವ ತಪ್ಪು ಒಂದಿದೆ. 5 ವೋಲ್ಟ್ ಸಪ್ಲೈ, 15 ಮಿಲಿಆಂಪಿಯರ್ ಬೇಕು, ಹಾಗಾಗಿ 5 ÷ 0.015, ಅಂದರೆ 333 ಓಮ್ ಅಂತ ಬರೆಯುತ್ತಾರೆ. ಆದರೆ 5 ವೋಲ್ಟ್ ರೆಸಿಸ್ಟರಿನದಲ್ಲ! ಅದರಲ್ಲಿ 2 ವೋಲ್ಟ್ ಎಲ್‌ಇಡಿಯೇ ತಿನ್ನುತ್ತದೆ. ರೆಸಿಸ್ಟರಿನ ಎರಡು ತುದಿಗಳ ನಡುವೆ ಉಳಿಯುವುದು 3 ವೋಲ್ಟ್. 3 ÷ 0.015 ಅಂದರೆ 200 ಓಮ್. ಸುಲಭವಾಗಿ ಸಿಗುವುದು 220, ಅದನ್ನೇ ಹಾಕಿ.

ವಾಟನ್ನೂ ನೋಡಿ. 3 × 0.015 ಅಂದರೆ 45 ಮಿಲಿವಾಟ್, ಕಾಲು ವಾಟಿನ ರೆಸಿಸ್ಟರ್ ಧಾರಾಳ ಸಾಕು. ಅದೇ ಎಲ್‌ಇಡಿಯನ್ನು 24 ವೋಲ್ಟಿಗೆ ಹಾಕುವುದಾದರೆ ರೆಸಿಸ್ಟರಿಗೆ 22 ವೋಲ್ಟ್ ಬೀಳುತ್ತದೆ. ಬೇಕಾದದ್ದು 1500 ಓಮ್, ಪವರ್ 0.32 ವಾಟ್. ಈಗ ಕಾಲು ವಾಟಿನದು ಸಾಲದು. ಅರ್ಧ ವಾಟಿನದೂ ಸಾಕಷ್ಟು ಬಿಸಿಯಾಗುತ್ತದೆ, ಜಾಗ ಇದ್ದರೆ 1 ವಾಟಿನದು ಹಾಕುವುದು ಒಳ್ಳೆಯದು. ರೆಸಿಸ್ಟರಿನ ಮೇಲೆ ಬರೆದ ವಾಟ್ ಅದು ಸುಡದೆ ತಡೆದುಕೊಳ್ಳುವ ಗಡಿ, ಆರಾಮಾಗಿ ಇರುವ ಜಾಗವಲ್ಲ. ಅರ್ಧಕ್ಕಿಂತ ಹೆಚ್ಚು ಹೊರಿಸಬೇಡಿ.

ಮಲ್ಟಿಮೀಟರಿನಲ್ಲಿ ಮೂರನ್ನೂ ಅಳೆಯುವುದು ಹೇಗೆ?

ವೋಲ್ಟೇಜ್ ಅಳೆಯಲು ವಸ್ತುವಿನ ಎರಡು ತುದಿಗೆ ಕಡ್ಡಿ ಇಡಿ. ಕರೆಂಟ್ ಅಳೆಯಲು ಸರ್ಕ್ಯೂಟನ್ನು ಒಂದು ಕಡೆ ಬಿಚ್ಚಿ, ಆ ಬಿಚ್ಚಿದ ಜಾಗದಲ್ಲಿ ಮೀಟರನ್ನು ಸೇರಿಸಿ. ಕರೆಂಟು ಮೀಟರಿನ ಒಳಗೇ ಹಾದುಹೋಗಬೇಕು. ರೋಧ ಅಳೆಯಲು ಸಪ್ಲೈ ಪೂರ್ತಿ ತೆಗೆದು, ವಸ್ತುವಿನ ಒಂದು ಕಾಲನ್ನಾದರೂ ಸರ್ಕ್ಯೂಟಿನಿಂದ ಬಿಡಿಸಿ. ಇಲ್ಲದಿದ್ದರೆ ಅಕ್ಕಪಕ್ಕದ ದಾರಿಗಳ ರೋಧವೂ ಸೇರಿ ಬರುತ್ತದೆ.

ಆಂಪಿಯರ್ ತೂತಿನಲ್ಲಿ ಕೆಂಪು ವೈರ್ ಸಿಕ್ಕಿಸಿ ಮರೆತು, ಹಾಗೇ ಬ್ಯಾಟರಿಯ ಅಥವಾ ಪ್ಲಗ್ ಪಾಯಿಂಟಿನ ಎರಡು ತುದಿಗೆ ಕಡ್ಡಿ ಇಟ್ಟರೆ ಅದು ಶಾರ್ಟ್ ಸರ್ಕ್ಯೂಟ್. ಆ ತೂತಿನ ಒಳಗಿನ ರೋಧ ಇಲ್ಲವೆನ್ನುವಷ್ಟು ಕಡಿಮೆ. ಮೀಟರಿನ ಫ್ಯೂಸ್ ಹೋದರೆ ನಿಮ್ಮ ಪುಣ್ಯ. ಮೇನ್ಸ್ ಕರೆಂಟನ್ನು ಹೀಗೆ ಬಿಚ್ಚಿ ಅಳೆಯುವ ಸಾಹಸವೇ ಬೇಡ. ಅದಕ್ಕೆ ಕ್ಲ್ಯಾಂಪ್ ಮೀಟರ್ ಇದೆ, ಒಂದೇ ವೈರಿನ ಸುತ್ತ ಹಿಡಿದರೆ ಸಾಕು. ಎರಡು ವೈರನ್ನೂ ಒಟ್ಟಿಗೆ ಹಿಡಿದರೆ ಹೋಗುವುದೂ ಬರುವುದೂ ಕಳೆದುಹೋಗಿ ಸೊನ್ನೆ ತೋರಿಸುತ್ತದೆ.

ಚಾರ್ಜರಿನಲ್ಲಿ 5 ವೋಲ್ಟ್ 3 ಆಂಪಿಯರ್ ಅಂತಿದೆ. ನನ್ನ ಸಾಧನಕ್ಕೆ 1 ಆಂಪಿಯರ್ ಸಾಕು. ಸುಟ್ಟುಹೋಗುತ್ತದೆಯಾ?

ಇಲ್ಲ. 3 ಆಂಪಿಯರ್ ಅನ್ನುವುದು ಚಾರ್ಜರ್ ಕೊಡಬಲ್ಲ ಹೆಚ್ಚೆಂದರೆ ಇಷ್ಟು ಅನ್ನುವ ಮಾತು. ಎಷ್ಟು ಎಳೆದುಕೊಳ್ಳಬೇಕು ಅನ್ನುವುದನ್ನು ಸಾಧನ ತೀರ್ಮಾನಿಸುತ್ತದೆ. ವೋಲ್ಟೇಜ್ ಮಾತ್ರ ಹೊಂದಲೇಬೇಕು.

ವೋಲ್ಟೇಜ್ ಸ್ವಲ್ಪ ಇಳಿದರೆ ಹೀಟರಿನ ಪವರ್ ಎಷ್ಟು ಇಳಿಯುತ್ತದೆ?

ಅಂದುಕೊಂಡದ್ದಕ್ಕಿಂತ ಜಾಸ್ತಿ. ರೋಧ ಅದೇ ಇದ್ದಾಗ ವೋಲ್ಟೇಜ್ ಇಳಿದರೆ ಕರೆಂಟೂ ಇಳಿಯುತ್ತದೆ, ಎರಡರ ಗುಣಾಕಾರ ದುಪ್ಪಟ್ಟು ವೇಗದಲ್ಲಿ ಇಳಿಯುತ್ತದೆ. 230 ವೋಲ್ಟ್ ಬದಲು 207 ಬಂದರೆ ವೋಲ್ಟೇಜ್ ಇಳಿದದ್ದು ನೂರಕ್ಕೆ 10, ಪವರ್ ಇಳಿದದ್ದು ನೂರಕ್ಕೆ 19. 2000 ವಾಟಿನ ಹೀಟರ್ 1620 ವಾಟ್ ಆಯಿತು. ಅದೇ ಹೀಟರನ್ನು 115 ವೋಲ್ಟ್ ಇರುವ ದೇಶಕ್ಕೆ ಒಯ್ದರೆ ಕಾಲು ಭಾಗ, 500 ವಾಟ್ ಮಾತ್ರ. ಅಲ್ಲಿನದನ್ನು ಇಲ್ಲಿ 230 ವೋಲ್ಟಿಗೆ ಸಿಕ್ಕಿಸಿದರೆ ನಾಲ್ಕು ಪಟ್ಟು, ಕೆಲವೇ ಕ್ಷಣದಲ್ಲಿ ಅದರ ಕತೆ ಮುಗಿಯುತ್ತದೆ.

ಮೇನ್ಸ್ ಎಸಿ ಅಲ್ವಾ? ವೋಲ್ಟೇಜ್ ಏರಿಳಿಯುತ್ತಲೇ ಇರುವಾಗ ಈ ಲೆಕ್ಕ ಹೇಗೆ ನಡೆಯುತ್ತದೆ?

230 ಅನ್ನುವ ಅಂಕಿಯನ್ನೇ ಲೆಕ್ಕ ನಡೆಯುವ ಹಾಗೆ ಆರಿಸಿದ್ದಾರೆ. ಅದು ಆರ್‌ಎಂಎಸ್ ಬೆಲೆ. 230 ವೋಲ್ಟ್ ಡಿಸಿ ಒಂದು ಹೀಟರನ್ನು ಎಷ್ಟು ಬಿಸಿ ಮಾಡುತ್ತದೋ ಅಷ್ಟೇ ಬಿಸಿ ಮಾಡುವ ಎಸಿಗೆ 230 ಅಂತ ಹೆಸರು. ಅದರ ತುದಿ 325 ವೋಲ್ಟ್ ತನಕ ಏರುತ್ತದೆ. ಹೀಟರ್, ಇಸ್ತ್ರಿಪೆಟ್ಟಿಗೆ, ತಂತಿ ಬಲ್ಬುಗಳಿಗೆ 230 ಹಾಕಿ ಧೈರ್ಯವಾಗಿ ಲೆಕ್ಕ ಮಾಡಿ.

ಮೋಟಾರಿಗೆ ಮಾತ್ರ ಹಾಗೆ ಮಾಡಬೇಡಿ. ಮೋಟಾರಿನಲ್ಲಿ ವೋಲ್ಟೇಜ್ ಏರುವ ಹೊತ್ತಿಗೂ ಕರೆಂಟ್ ಏರುವ ಹೊತ್ತಿಗೂ ಹೊಂದಾಣಿಕೆ ಇರುವುದಿಲ್ಲ, ಕರೆಂಟ್ ಸ್ವಲ್ಪ ಹಿಂದೆ ಬೀಳುತ್ತದೆ. 230 ವೋಲ್ಟ್, 4 ಆಂಪಿಯರ್ ಮೋಟಾರಿನಲ್ಲಿ ಗುಣಿಸಿದರೆ 920 ಬರುತ್ತದೆ. ಅದು ವಾಟ್ ಅಲ್ಲ, ವೋಲ್ಟ್-ಆಂಪಿಯರ್. ಈ ಗುಣಾಕಾರದಲ್ಲಿ ಎಷ್ಟು ಪಾಲು ನಿಜವಾದ ಪವರ್ ಅಂತ ಹೇಳುವ ಅಂಕಿಗೆ ಪವರ್ ಫ್ಯಾಕ್ಟರ್ ಅಂತಾರೆ. ಅದು 0.75 ಇದ್ದರೆ ನಿಜವಾದ ಪವರ್ 690 ವಾಟ್. ಮೋಟಾರಿನ ಸುತ್ತುಗಳ ರೋಧವನ್ನು ಮೀಟರಿನಲ್ಲಿ ಅಳೆದು ಕರೆಂಟ್ ಲೆಕ್ಕ ಹಾಕುವುದೂ ತಪ್ಪು. 8 ಓಮ್ ತೋರಿಸಿತು, ಹಾಗಾಗಿ 29 ಆಂಪಿಯರ್ ಅಂತ ಹೆದರಿ ಕೇಳುವವರಿದ್ದಾರೆ. ತಿರುಗುವ ಮೋಟಾರ್ ತಾನೇ ಒಂದು ಎದುರು ವೋಲ್ಟೇಜ್ ಹುಟ್ಟಿಸುತ್ತದೆ, ಸುತ್ತುಗಳೂ ಎಸಿಯನ್ನು ತಡೆಯುತ್ತವೆ. ಮೀಟರಿನ ಡಿಸಿಗೆ ಇವೆರಡೂ ಕಾಣುವುದಿಲ್ಲ.

ವಾಟಿಗೂ ಬಿಲ್ಲಿನ ಯೂನಿಟ್ಟಿಗೂ ಏನು ಸಂಬಂಧ?

ವಾಟ್ ಅನ್ನುವುದು ವೇಗ, ಯೂನಿಟ್ ಅನ್ನುವುದು ಒಟ್ಟು. 1000 ವಾಟ್ ಒಂದು ಗಂಟೆ ನಡೆದರೆ ಒಂದು ಯೂನಿಟ್, ಅಂದರೆ ಒಂದು ಕಿಲೋವಾಟ್ ಗಂಟೆ, 36 ಲಕ್ಷ ಜೌಲ್. 'ಗಂಟೆಗೆ ಎಷ್ಟು ವಾಟ್ ತಿನ್ನುತ್ತದೆ' ಅನ್ನುವ ಪ್ರಶ್ನೆಯೇ ಸರಿಯಿಲ್ಲ. ವಾಟಿನೊಳಗೆ ಕಾಲ ಆಗಲೇ ಇದೆ.

ದೂರಕ್ಕೆ ವಿದ್ಯುತ್ ಸಾಗಿಸುವಾಗ ವೋಲ್ಟೇಜ್ ಅಷ್ಟು ಏರಿಸುವುದು ಯಾಕೆ?

1 ಓಮ್ ರೋಧ ಇರುವ ಲೈನಿನಲ್ಲಿ 10 ಕಿಲೋವಾಟ್ ಕಳಿಸಬೇಕು ಅಂದುಕೊಳ್ಳಿ. 230 ವೋಲ್ಟಿನಲ್ಲಿ ಕಳಿಸಿದರೆ ಕರೆಂಟ್ 43.5 ಆಂಪಿಯರ್, ಲೈನಿನಲ್ಲಿ ಸುಟ್ಟುಹೋಗುವುದು 1890 ವಾಟ್. 11,000 ವೋಲ್ಟಿನಲ್ಲಿ ಕಳಿಸಿದರೆ ಕರೆಂಟ್ 0.91 ಆಂಪಿಯರ್, ನಷ್ಟ 0.83 ವಾಟ್. ಒಂದು ವಾಟ್ ಕೂಡ ಇಲ್ಲ. ಕರೆಂಟಿನ ವರ್ಗದಲ್ಲಿ ನಷ್ಟ ಆಗುವುದರಿಂದ ಇಷ್ಟು ದೊಡ್ಡ ವ್ಯತ್ಯಾಸ.

ಇಲ್ಲೊಂದು ಎಚ್ಚರ. ಈ ನಷ್ಟವನ್ನು 11,000 × 11,000 ÷ 1 ಅಂತ ಲೆಕ್ಕ ಹಾಕುವವರಿದ್ದಾರೆ, 12 ಕೋಟಿ ವಾಟ್ ಬಂದು ಗಾಬರಿಯಾಗುತ್ತಾರೆ. 11,000 ವೋಲ್ಟ್ ಇರುವುದು ಎರಡು ತಂತಿಗಳ ನಡುವೆ. ತಂತಿಯ ಆ ತುದಿಗೂ ಈ ತುದಿಗೂ ನಡುವೆ ಇರುವುದು 0.91 ವೋಲ್ಟ್ ಮಾತ್ರ.

ಮೈಯ ರೋಧ ಲೆಕ್ಕ ಹಾಕಿ ಶಾಕ್ ಎಷ್ಟು ಹೊಡೆಯುತ್ತದೆ ಅಂತ ಹೇಳಬಹುದಾ?

ಒಣ ಕೈಗಳಲ್ಲಿ ಮೀಟರಿನ ಕಡ್ಡಿ ಹಿಡಿದರೆ ಲಕ್ಷಗಟ್ಟಲೆ ಓಮ್ ತೋರಿಸಬಹುದು. ಅದನ್ನು ನಂಬಿ ಧೈರ್ಯ ಮಾಡಬೇಡಿ. ಮೀಟರ್ ಅಳೆಯುವುದು ಕೆಲವೇ ವೋಲ್ಟಿನಲ್ಲಿ. ಹೆಚ್ಚಿನ ವೋಲ್ಟೇಜಿನಲ್ಲಿ ಚರ್ಮದ ರೋಧ ಕುಸಿಯುತ್ತದೆ. ಒದ್ದೆ ಮೈಗೆ 1000 ಓಮ್ ಹತ್ತಿರ ಅಂತ ಹಿಡಿಯುವುದು ವಾಡಿಕೆ. 230 ÷ 1000 ಅಂದರೆ 0.23 ಆಂಪಿಯರ್. ಮನುಷ್ಯರನ್ನು ಉಳಿಸಲು ಹಾಕುವ ಆರ್‌ಸಿಸಿಬಿ 0.03 ಆಂಪಿಯರ್ ಸೋರಿದರೇ ಬಿದ್ದುಹೋಗುವಂತೆ ಮಾಡಿರುತ್ತಾರೆ. ಅದರ ಏಳು ಪಟ್ಟಿಗಿಂತಲೂ ಹೆಚ್ಚು ಇದು. ಹೃದಯ ನಿಲ್ಲಲು ಸಾಕು.

ಇದನ್ನೆಲ್ಲ ಮೊದಲು ಕಂಡುಹಿಡಿದವರು ಯಾರು?

ಜರ್ಮನಿಯ ಗಿಯೋರ್ಗ್ ಸಿಮೋನ್ ಓಮ್. ಹುಟ್ಟಿದ್ದು 1789ರಲ್ಲಿ, ಎರ್ಲಾಂಗೆನ್‌ನಲ್ಲಿ. ಕಲೋನ್‌ನಲ್ಲಿ ಶಾಲಾ ಮೇಷ್ಟ್ರಾಗಿದ್ದಾಗ ಈ ಪ್ರಯೋಗಗಳನ್ನು ಮಾಡಿದರು. ವೋಲ್ಟಾ 1800ರಲ್ಲಿ ಬ್ಯಾಟರಿ ಕೊಟ್ಟಿದ್ದರು ನಿಜ, ಆದರೆ ಆಗಿನ ಬ್ಯಾಟರಿಯ ವೋಲ್ಟೇಜ್ ನಿಮಿಷಕ್ಕೊಂದು ಥರ. ಓಮ್ ಅದನ್ನು ಬಿಟ್ಟು ತಾಮ್ರ ಮತ್ತು ಬಿಸ್ಮತ್ ಕೂಡಿಸಿದ ಥರ್ಮೋಕಪಲ್ (ಎರಡು ತುದಿಗಳ ಬಿಸಿಯ ವ್ಯತ್ಯಾಸದಿಂದ ವೋಲ್ಟೇಜ್ ಹುಟ್ಟಿಸುವ ಲೋಹದ ಜೋಡಿ) ಹಿಡಿದರು. ಒಂದು ತುದಿ ಕುದಿಯುವ ನೀರಿನಲ್ಲಿ, ಇನ್ನೊಂದು ಮಂಜುಗಡ್ಡೆಯಲ್ಲಿ. ವೋಲ್ಟೇಜ್ ಕದಲದೆ ನಿಂತಿತು, ತಂತಿಯ ಉದ್ದ ಬದಲಿಸುತ್ತಾ ಹೋದಂತೆ ನಿಯಮ ಕಣ್ಣಿಗೆ ಬಿತ್ತು. 1827ರಲ್ಲಿ ಪುಸ್ತಕವಾಗಿ ಬಂದಾಗ ಸಿಗಬೇಕಾದ ಮನ್ನಣೆ ಸಿಗಲಿಲ್ಲ. 1841ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಕಾಪ್ಲೆ ಪದಕ ಕೊಟ್ಟಿತು. ಕರೆಂಟಿನ ವರ್ಗಕ್ಕೆ ತಕ್ಕಂತೆ ಬಿಸಿ ಹುಟ್ಟುತ್ತದೆ ಅನ್ನುವುದನ್ನು ಜೌಲ್ ಪ್ರಕಟಿಸಿದ್ದೂ ಅದೇ 1841ರಲ್ಲಿ.

ಓಮ್‌ಗೂ ಮುಂಚೆ, 1781ರಲ್ಲಿ, ಇಂಗ್ಲೆಂಡಿನ ಹೆನ್ರಿ ಕ್ಯಾವೆಂಡಿಶ್ ಇದೇ ನಿಯಮದ ಹತ್ತಿರ ಬಂದಿದ್ದರು. ಅವರ ಬಳಿ ಮೀಟರ್ ಇರಲಿಲ್ಲ. ತಮ್ಮ ಮೈಗೆ ಶಾಕ್ ಕೊಟ್ಟುಕೊಂಡು, ಅದು ಎಷ್ಟು ಜೋರು ಅಂತ ಹೋಲಿಸಿ ಅಳೆದರು! ಪ್ರಕಟಿಸಲಿಲ್ಲ. 1879ರಲ್ಲಿ ಮ್ಯಾಕ್ಸ್‌ವೆಲ್ ಅವರ ಬರಹಗಳನ್ನು ಅಚ್ಚು ಹಾಕಿಸಿದಾಗ ಲೋಕಕ್ಕೆ ಗೊತ್ತಾಯಿತು.

ಸೆಲ್ಲಿನಲ್ಲಿ 1.5 ವೋಲ್ಟ್ ತೋರಿಸುತ್ತದೆ, ಆದರೂ ಟಾರ್ಚ್ ಉರಿಯುವುದಿಲ್ಲ. ಯಾಕೆ?

ಸೆಲ್ಲಿನ ಒಳಗೂ ರೋಧ ಇದೆ, ಹಳೆಯದಾದಂತೆ ಅದು ಏರುತ್ತದೆ. ಮೀಟರ್ ಕರೆಂಟನ್ನು ಎಳೆಯುವುದೇ ಇಲ್ಲ ಅನ್ನಬಹುದು, ಹಾಗಾಗಿ ವೋಲ್ಟೇಜ್ ಪೂರ್ತಿ ಕಾಣುತ್ತದೆ. ಭಾರ ಹಾಕಿ ಅಳೆಯಿರಿ. ಖಾಲಿ ಇದ್ದಾಗ 1.56 ವೋಲ್ಟ್ ಬಂತು, 3.9 ಓಮ್ ರೆಸಿಸ್ಟರ್ ಹಚ್ಚಿದಾಗ 1.36 ವೋಲ್ಟ್ ಬಂತು ಅಂದುಕೊಳ್ಳಿ. ಕರೆಂಟ್ 1.36 ÷ 3.9, ಸುಮಾರು 0.35 ಆಂಪಿಯರ್. ಕಳೆದುಹೋದದ್ದು 0.2 ವೋಲ್ಟ್. ಒಳಗಿನ ರೋಧ 0.2 ÷ 0.35, ಸುಮಾರು 0.57 ಓಮ್. ಸತ್ತ ಸೆಲ್ಲಿನಲ್ಲಿ ಇದು ಹಲವು ಓಮ್‌ಗೆ ಏರಿರುತ್ತದೆ.

ತೀರಾ ಕಡಿಮೆ ರೋಧವನ್ನು ಮೀಟರ್ ಸರಿಯಾಗಿ ತೋರಿಸುವುದಿಲ್ಲ. ಏನು ಮಾಡಬೇಕು?

ಮೀಟರಿನ ಕಡ್ಡಿಗಳನ್ನು ಒಂದಕ್ಕೊಂದು ಮುಟ್ಟಿಸಿದರೂ 0.2, 0.3 ಓಮ್ ಬರುತ್ತದೆ. ಅದು ಕಡ್ಡಿಯ ವೈರಿನದೇ ರೋಧ. ಅಂಥ ಮೀಟರಿನಲ್ಲಿ 0.1 ಓಮ್ ಹುಡುಕುವುದು ಕಷ್ಟ. ಆಗ ಓಮ್ ಸೂತ್ರವನ್ನೇ ಕೈಯಾರೆ ಬಳಸಬೇಕು. ಗೊತ್ತಿರುವಷ್ಟು ಕರೆಂಟ್ ಹರಿಸಿ, ವಸ್ತುವಿನ ಎರಡು ತುದಿಗಳ ಮೇಲೆಯೇ ವೋಲ್ಟ್ ಕಡ್ಡಿ ಇಟ್ಟು ಅಳೆದು, ಭಾಗಿಸಿ. ಕರೆಂಟ್ ಹೋಗುವ ವೈರು ಬೇರೆ, ವೋಲ್ಟೇಜ್ ನೋಡುವ ವೈರು ಬೇರೆ. ಇದಕ್ಕೆ ನಾಲ್ಕು ವೈರಿನ ಅಳತೆ ಅಂತಾರೆ. ವೋಲ್ಟ್ ಕಡ್ಡಿಯಲ್ಲಿ ಕರೆಂಟ್ ಹರಿಯದ ಕಾರಣ ಅದರ ರೋಧ ಲೆಕ್ಕಕ್ಕೆ ಬರುವುದೇ ಇಲ್ಲ.

ನನಗೆ ಇದರ ಅತ್ಯಂತ ಇಷ್ಟವಾದ ಉಪಯೋಗ ಒಂದಿದೆ. ಬಿಚ್ಚಿ ಬಳಸಿ ಉಳಿದ 1.5 ಸ್ಕ್ವೇರ್ ಎಂಎಂ ವೈರಿನ ಸುರುಳಿ ಇದೆ, ಎಷ್ಟು ಮೀಟರ್ ಉಳಿದಿದೆ ಗೊತ್ತಿಲ್ಲ. ಬಿಚ್ಚಿ ಅಳೆಯಬೇಕಾಗಿಲ್ಲ. ಕರೆಂಟಿಗೆ ಮಿತಿ ಹಾಕಬಲ್ಲ ಡಿಸಿ ಸಪ್ಲೈಯಿಂದ 2 ಆಂಪಿಯರ್ ಹರಿಸಿ. ಎರಡು ತುದಿಗಳ ನಡುವೆ 0.87 ವೋಲ್ಟ್ ಬಂತು ಅಂದುಕೊಳ್ಳಿ. ರೋಧ 0.435 ಓಮ್. ಗಟ್ಟಿ ತಂತಿಯಾದರೆ ಮೀಟರಿಗೆ 0.0121 ಓಮ್, ಸುರುಳಿಯಲ್ಲಿ 36 ಮೀಟರ್ ಇದೆ. ಸಣ್ಣ ಎಳೆಗಳನ್ನು ಕೂಡಿಸಿದ ಎಳೆವೈರಾದರೆ 0.0133ರಿಂದ ಭಾಗಿಸಿ, ಸುಮಾರು 33 ಮೀಟರ್. ಈ ಅಂಕಿಗಳು 20 ಡಿಗ್ರಿ ಸೆಲ್ಸಿಯಸ್‌ಗೆ. ತಾಮ್ರದ ರೋಧ ಡಿಗ್ರಿಗೆ ನೂರಕ್ಕೆ 0.39ರಷ್ಟು ಏರುತ್ತದೆ, ಹಾಗಾಗಿ 30 ಡಿಗ್ರಿ ಇರುವ ದಿನ ಬಂದ ಉದ್ದದಲ್ಲಿ ನೂರಕ್ಕೆ ನಾಲ್ಕರಷ್ಟು ಕಳೆಯಿರಿ.